ಸಾರುವೆಯೂ ಗೋಡೆಯೂ

ಶ್ರೀರಂಗಪಟ್ಟಣದ ಸಮೀಪದಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯನ್ನು ಕಂಡವರು ಅದರ ಕಲ್ಲನ್ನೂ ಸುರ್ಕಿ ಗಾರೆಯನ್ನೂ ಹೊಗಳುವುದುಂಟು. ಆ ಕಲ್ಲನ್ನಿಟ್ಟ ಕೆಲಸಗಾರನ ಕಾಲು ಎಲ್ಲಿ ಊರಿತ್ತೆಂದು ಕೇಳುವವರು ವಿರಳ. ಇಂದು ಆ ತಾಲ್ಲೂಕಿನಲ್ಲಿಯೂ ನೆರೆಯ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳಲ್ಲಿಯೂ ಏಳುತ್ತಿರುವ ತಾರಸಿಯ ಮನೆಗಳನ್ನು ನಾವು ನೋಡುವ ರೀತಿಯೂ ಹೀಗೆಯೇ. ಕೆಲಸದ ಗುಣ ಬೇರೆ, ಕೆಲಸಗಾರನ ಕ್ಷೇಮ ಬೇರೆ ಎಂಬ ಈ ತಿಳಿವಳಿಕೆ ಸರಿಯೆ?

ಮೊದಲು ಸಾರುವೆಯನ್ನು ಪರಿಶೀಲಿಸೋಣ. ಹಲಗೆ ಅಲುಗುತ್ತಿದ್ದರೆ ಗಾರೆಯವನ ಒಂದು ಕೈ ಗಳುವನ್ನು ಹಿಡಿದಿರುತ್ತದೆ. ಕರಣೆಗೆ ಉಳಿಯುವುದು ಇನ್ನೊಂದೇ ಕೈ. ತೂಗುಗುಂಡನ್ನು ಇಳಿಬಿಟ್ಟು ನೋಡುವ ಸಾವಧಾನ ಅವನಿಗೆಲ್ಲಿಯದು? ಕಂಬದ ಅಚ್ಚಿನ ಹತ್ತಿರಕ್ಕೆ ಹೋಗಲು ಅಂಜಿ ಕಾಂಕ್ರೀಟನ್ನು ಬಹಳ ಎತ್ತರದಿಂದ ಸುರಿದರೆ, ಭಾರವಾದ ಜಲ್ಲಿ ಸಿಮೆಂಟಿನ ಹಾಲಿನಿಂದ ಬೇರ್ಪಟ್ಟು, ಜೇನುಗೂಡಿನಂತಹ ಪೊಳ್ಳುಗಳು ಉಳಿಯುತ್ತವೆ. ಆದಕಾರಣವೇ ಭಾರತೀಯ ಮಾನಕ 456, ಹೀಗೆ ಸುರಿಯುವ ಎತ್ತರಕ್ಕೆ 1.5 ಮೀಟರಿನ ಮಿತಿಯನ್ನು ಸೂಚಿಸುತ್ತದೆ.

ಇನ್ನು ಸೆಂಟ್ರಿಂಗಿನ ವಿಷಯ. ಕಾಂಕ್ರೀಟು ಕೇವಲ ಒಣಗಿ ಗಟ್ಟಿಯಾಗುವುದೆಂಬುದು ತಪ್ಪು ಕಲ್ಪನೆ. ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಸಂಯೋಗ ಹೊಂದುತ್ತ ದಿನದಿಂದ ದಿನಕ್ಕೆ ಬಲಗೊಳ್ಳುತ್ತದೆ. ಸಾಮಾನ್ಯ ಸಿಮೆಂಟಿನ ಕೆಲಸವನ್ನು ಕಡೆಯಪಕ್ಷ 7 ದಿನ, ಬಿರುಬಿಸಿಲಿನಲ್ಲಿ 10 ದಿನ ಒದ್ದೆಯಾಗಿರಿಸಬೇಕು. ತಾರಸಿಯ ಹರವು 4.5 ಮೀಟರಿನೊಳಗಿದ್ದರೆ ಕೆಳಗಿನ ಆಸರೆಗಳನ್ನು 7 ದಿನ, ಮೀರಿದರೆ 14 ದಿನ ಉಳಿಸಬೇಕು. 6 ಮೀಟರಿಗಿಂತ ಉದ್ದವಾದ ತೊಲೆಗಳಿಗೆ 21 ದಿನ ಬೇಕು. ಮುಂದಿನ ಮನೆಗೆ ಬೇಕೆಂದು ಅವುಗಳನ್ನು ಬೇಗನೆ ಕಿತ್ತರೆ ಎಳೆಯ ತಾರಸಿ ತನ್ನ ಭಾರವನ್ನೇ ತಾಳದೆ ಬಿರಿಯಬಹುದು. ಕೆಳಗೆ ಕೆಲಸ ಮಾಡುವವರ ಮೇಲೆ ಕುಸಿಯಲೂಬಹುದು. ಆತುರ ಒಂದು, ಅನರ್ಥ ಎರಡು.

ಇದರ ವಿಲೋಮವೂ ಸತ್ಯ. ಗೋಡೆ ವಾಲಿದರೆ ಒಡೆದು ಮತ್ತೆ ಕಟ್ಟಬೇಕು. ಅದಕ್ಕಾಗಿ ಕೆಲಸಗಾರನು ಮತ್ತೊಮ್ಮೆ ಸಾರುವೆಯನ್ನೇರಬೇಕು, ಒಡೆದ ಧೂಳನ್ನು ಉಸಿರಾಡಬೇಕು. ಕೆಟ್ಟ ಕೆಲಸವು ಅಪಾಯದ ಗಳಿಗೆಗಳನ್ನು ಹೆಚ್ಚಿಸುತ್ತದೆ.

2024ರ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಬಹುಮಹಡಿಯ ಕಟ್ಟಡವೊಂದು ಕುಸಿದು, ಅದನ್ನು ಕಟ್ಟುತ್ತಿದ್ದವರೇ ಪ್ರಾಣ ತೆತ್ತರು. ಅಲ್ಲಿ ಕಟ್ಟಡದ ಕೇಡೂ ಕೆಲಸಗಾರರ ಸಾವೂ ಬೇರೆಬೇರೆ ಘಟನೆಗಳಾಗಿರಲಿಲ್ಲ.

ನಮ್ಮ ಬೀದಿಯಲ್ಲಿ ತಾರಸಿ ಹಾಕುವ ದಿನ ನಾವು ದೂರದಲ್ಲಿಯೇ ನಿಂತು ಗಮನಿಸಬಹುದಾದುದು ಇಷ್ಟು: ಆಸರೆಗಳು ಹಸಿ ಮಣ್ಣಿನ ಮೇಲೆ ನಿಂತಿವೆಯೆ, ಗಟ್ಟಿ ನೆಲದ ಮೇಲೆಯೆ? ಸಾರುವೆಗೆ ಅಡ್ಡಗಂಬಿ ಉಂಟೆ? “ಮೇಸ್ತ್ರಿಗಳೆ, ಈ ಕಂಬ ಅಲುಗುತ್ತಿದೆ” ಎಂದು ಆಳೊಬ್ಬನು ಹೇಳಿದಾಗ ಕೆಲಸ ನಿಲ್ಲುತ್ತದೆಯೆ? ನಿಲ್ಲುವುದಾದರೆ ಅವನ ಜೀವವೂ ಉಳಿಯುತ್ತದೆ; ಆ ಮನೆಯಲ್ಲಿ ಮುಂದೆ ವಾಸಿಸುವವರೂ ನಿಶ್ಚಿಂತೆಯಿಂದ ಮಲಗಬಹುದು.