ರಚ್ಚಿಗೆ ಹಿಡಿದ ಲೋಳೆ, ರೋಹುವಿಗೆ ಊಟ

ಮದ್ದೂರು ತಾಲ್ಲೂಕಿನ ಆ ಹೊಂಡದಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೀನಲ್ಲ, ಬಿದಿರು. ಅರ್ಧ ಎಕರೆ ನೀರಿನ ಒಂದು ಪಾಲಿಗೆ ಅಡ್ಡಡ್ಡ ಗಳ ಕಟ್ಟಿದ್ದಾರೆ. ಗಳದಿಂದ ಕಬ್ಬಿನ ರಚ್ಚಿನ ಕಟ್ಟುಗಳು ಸಾಲಾಗಿ ನೀರಿಗೆ ಇಳಿದಿವೆ. ಪ್ರತಿ ಕಟ್ಟಿಗೂ ಹರಿದ ಬಲೆಯ ತುಂಡೊಂದು ಹೊದಿಕೆ. ಗಾಣದಿಂದ ಹೊರಬಿದ್ದು, ಬಯಲಲ್ಲಿ ಒಣಗಿ, ಬೆಲ್ಲದ ಕೊಪ್ಪರಿಗೆಯ ಒಲೆಗೆ ಹೋಗಬೇಕಿದ್ದ ಸಿಪ್ಪೆ ಇಲ್ಲಿ ಮೀನು ಸಾಕುತ್ತಿದೆ.

ಹೊಂಡದ ಯಜಮಾನರು ಮೊಣಕಾಲುದ್ದ ನೀರಿಗೆ ಇಳಿದು ಒಂದು ಕಟ್ಟನ್ನು ಎತ್ತಿದರು. ನೋಡಲು ಹೋದವರ ಕೈ ತಾನಾಗಿ ಮೂಗಿನತ್ತ ಹೋಯಿತು.

‘ಮೂಗು ಯಾಕ್ ಮುಚ್ಕೋತೀರಿ ಸಾ? ಕೈ ಇಟ್ಟು ನೋಡಿ. ನಾತ ಬಂದ್ರೆ ಆಮೇಲೆ ಹೇಳಿ.’

ನಾತ ಇರಲಿಲ್ಲ. ಹಸಿರು ಬೆರೆತ ಕಂದು ಬಣ್ಣದ ಲೋಳೆ ಎಳೆ ಎಳೆಗೂ ಹಿಡಿದಿತ್ತು. ಬೆರಳಲ್ಲಿ ಉಜ್ಜಿದರೆ ಸಣ್ಣಗೆ ಮಣ್ಣಿನ ವಾಸನೆ. ಅದರೊಳಗೆ ದಾರದಂಥ ಕೆಂಪು ಹುಳುಗಳು ಮಿಸುಕುತ್ತಿದ್ದವು. ಕಟ್ಟಿನ ಒಂದು ಮಗ್ಗುಲು ಮಾತ್ರ ಯಾರೋ ಬಳಿದು ಹೋದಂತೆ ಚೊಕ್ಕಟವಾಗಿತ್ತು. ‘ಅದು ರೋಹು ತಿಂದಿರೋ ಜಾಗ’ ಎಂದರು ಯಜಮಾನರು. ಊರಿಗೆ ಬಂದ ನೆಂಟರಿಗೆ ಹೊಸ ಮನೆ ತೋರಿಸುವವರ ಗತ್ತು ದನಿಯಲ್ಲಿತ್ತು.

ಮೀನು ಸಾಕಣೆಯಲ್ಲಿ ಲೋಳೆಯೆಂದರೆ ಕೊಳೆ ಎಂದೇ ಲೆಕ್ಕ. ತೊಟ್ಟಿಯ ಗೋಡೆ ಜಾರಿದರೆ ಉಜ್ಜಿ ತೊಳೆಯುತ್ತಾರೆ. ಮೀನು ಬೆಳೆಯದಿದ್ದರೆ ಹಿಂಡಿ ಹೆಚ್ಚಿಸುತ್ತಾರೆ, ಅದೂ ಸಾಲದಾದರೆ ಅಂಗಡಿಯಿಂದ ಒಂದು ಬಾಟಲಿ ಬರುತ್ತದೆ. ಅದರ ಮೇಲೆ ‘ಪ್ರೋಬಯಾಟಿಕ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ, ಒಳಗೆ ಏನಿದೆ ಎನ್ನುವುದು ಸಣ್ಣಕ್ಷರದಲ್ಲಿ. ಕಾಸು ಕೊಟ್ಟು ತಂದು ನೀರಿಗೆ ಸುರಿಯುವ ಈ ಸೂಕ್ಷ್ಮಜೀವಿಗಳಿಗೆ ಕೂರಲು ಒಂದು ಜಾಗ ಬೇಕಲ್ಲ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಆ ಪ್ರಶ್ನೆಯನ್ನು ಕೇಳಿದವರಲ್ಲಿ ಮಂಗಳೂರಿನ ಮೀನುಗಾರಿಕಾ ಕಾಲೇಜಿನವರು ಮುಂದಿನ ಸಾಲಿನವರು. 1969ರಲ್ಲಿ ಶುರುವಾದ, ದೇಶದಲ್ಲೇ ಮೊದಲನೆಯದಾದ ಈ ಕಾಲೇಜು ಇರುವುದು ಕಡಲ ದಂಡೆಯ ಊರಿನಲ್ಲಿ. ಆದರೆ ಅಲ್ಲಿನ ಕೆ.ಎಂ. ಶಂಕರ್, ಪಿ. ಕೇಶವನಾಥ್ ಮತ್ತು ಅವರ ಸಂಗಡಿಗರು ತೊಂಬತ್ತರ ದಶಕದಲ್ಲಿ ತಲೆಕೆಡಿಸಿಕೊಂಡದ್ದು ಸಿಹಿನೀರಿನ ಗೆಂಡೆಗಳ ಬಗ್ಗೆ. ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಒಣಗಿಸಿದ ಅಂತರಗಂಗೆ ಮೂರನ್ನೂ ಗೊಬ್ಬರ ಹಾಕಿದ ತೊಟ್ಟಿಗಳಲ್ಲಿ ಬೇರೆಬೇರೆಯಾಗಿ ಇಳಿಬಿಟ್ಟು ರೋಹು ಮತ್ತು ಸಾಮಾನ್ಯ ಗೆಂಡೆಯನ್ನು ಬೆಳೆಸಿ ನೋಡಿದರು. 1999ರಲ್ಲಿ ಪ್ರಕಟವಾದ ಆ ಹೋಲಿಕೆಯಲ್ಲಿ ಗೆದ್ದದ್ದು ಕಬ್ಬಿನ ಸಿಪ್ಪೆ. ಕೇಶವನಾಥ್ ಅವರ ತಂಡ ಮುಂದೆ ಬಿದಿರು, ಪಿವಿಸಿ ಪೈಪುಗಳನ್ನೂ ಪರೀಕ್ಷೆಗೆ ಒಡ್ಡಿತು. ಮಂಡ್ಯದ ಕಡೆಯವರಿಗೆ ಸಿಪ್ಪೆ ಗೆದ್ದ ಸುದ್ದಿಯೇ ಹೆಚ್ಚು ಹಿತ.

ಉಪಾಯವೇನೂ ಹೊಸದಲ್ಲ. ಆಫ್ರಿಕಾದ ಬೆನಿನ್ ದೇಶದ ಲಗೂನುಗಳಲ್ಲಿ ಬೆಸ್ತರು ತಲೆಮಾರುಗಳಿಂದ ಮರದ ಕೊಂಬೆಗಳನ್ನು ನೀರಲ್ಲಿ ನೆಟ್ಟು, ಅದಕ್ಕೆ ಹಿಡಿದ ಪಾಚಿ ಮೇಯಲು ಬಂದ ಮೀನನ್ನು ಸುತ್ತುಗಟ್ಟಿ ಹಿಡಿಯುತ್ತಾರೆ. ಅದಕ್ಕೆ ‘ಅಕಾಜಾ’ ಎಂದು ಹೆಸರು. ಬಾಂಗ್ಲಾದೇಶದ ನದಿಗಳಲ್ಲಿ ಇದೇ ಉಪಾಯ ‘ಕಾಠಾ’. ಹೀಗೆ ಹಿಡಿಯುವ ಲೋಳೆಗೆ ವಿಜ್ಞಾನಿಗಳ ಗಂಭೀರ ಹೆಸರು ‘ಪೆರಿಫೈಟಾನ್’. ಅದರ ಬಗ್ಗೆ 2005ರಲ್ಲಿ ದಪ್ಪ ಪುಸ್ತಕವನ್ನೇ ತಂದರು.

ಲೋಳೆ ಮಾಡುವ ಕೆಲಸ ಎರಡು. ಒಂದು ಊಟ. ನೀರಲ್ಲಿ ತೇಲುವ ಪಾಚಿಯ ಕಣಗಳನ್ನು ಸೋಸಿ ಹೊಟ್ಟೆ ತುಂಬಿಸಿಕೊಳ್ಳುವುದು ರೋಹುವಿಗೆ ದುಡಿಮೆ ಹೆಚ್ಚು, ಗಳಿಕೆ ಕಡಿಮೆ. ಅದೇ ಪಾಚಿ, ಬ್ಯಾಕ್ಟೀರಿಯಾ, ಸಣ್ಣ ಹುಳು ಎಲ್ಲವೂ ಒಂದೇ ಕಡೆ ದಪ್ಪಗೆ ಕೂತಿದ್ದರೆ ಜಾಲರಿನಂಥ ತುಟಿಯಿಂದ ಹೆರೆದು ತಿನ್ನುತ್ತದೆ. ಎರಡನೆಯದು ಚೊಕ್ಕಟ. ಹೊಂಡಕ್ಕೆ ಹಾಕಿದ ಮೇವಿನ ಸಾರಜನಕದಲ್ಲಿ ಮೀನಿನ ಮೈಗೆ ಹತ್ತುವುದು ಸುಮಾರು ಕಾಲು ಪಾಲು ಮಾತ್ರ. ಉಳಿದದ್ದು ಬಹುಪಾಲು ಅಮೋನಿಯವಾಗಿ ನೀರಿಗೇ ಸೇರುತ್ತದೆ. ಮಧ್ಯಾಹ್ನ ಬಿಸಿಲೇರಿ ಪಿಎಚ್ ಹೆಚ್ಚಾದಾಗ ಈ ಅಮೋನಿಯ ಇನ್ನಷ್ಟು ವಿಷ. ಕಿವಿರು ಕೆಡುತ್ತದೆ, ಮೀನು ಮೇವು ಬಿಡುತ್ತದೆ. ಅಮೋನಿಯವನ್ನು ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ತೇಲಾಡಿಕೊಂಡು ದುಡಿಯುವುದಕ್ಕಿಂತ ಯಾವುದಾದರೂ ಮೈಗೆ ಅಂಟಿಕೊಂಡು ದುಡಿಯುವುದೇ ಹೆಚ್ಚು. ರಚ್ಚಿನ ಎಳೆಗಳು ಅವಕ್ಕೆ ಮೈಲಿಗಟ್ಟಲೆ ಜಾಗ ಕೊಡುತ್ತವೆ.

ಕಾಟ್ಲಾ ಪ್ರಿಯರಿಗೆ ಇಲ್ಲಿ ಕೊಂಚ ನಿರಾಸೆ. ಮೇಲ್ಮುಖ ಬಾಯಿಯ ಆ ದೊಡ್ಡ ತಲೆಯ ಮೀನು ನೀರಿನ ಮೇಲ್ಪದರದ ಪ್ರಾಣಿಪ್ಲವಕಗಳನ್ನು ನುಂಗುವುದರಲ್ಲಿ ನಿಸ್ಸೀಮ, ರಚ್ಚು ಹೆರೆಯುವ ಗೋಜಿಗೆ ಹೋಗದು. ಬೇಡವೆಂದರೂ ಹೊಂಡ ಸೇರುವ ಜಿಲೇಬಿ ಮೀನು (ತಿಲಾಪಿಯಾ) ಮಾತ್ರ ಹೆರೆಯುವುದರಲ್ಲಿ ರೋಹುವಿಗೂ ಒಂದು ಕೈ ಮೇಲು.

ಮಂಗಳೂರಿನ ಕಥೆಯ ಅಸಲು ಸೋಜಿಗ ಇನ್ನೊಂದಿದೆ. ಲೋಳೆ ಊಟವಾದರೆ, ಅದನ್ನೇ ಔಷಧಿಯೂ ಮಾಡಬಾರದೇಕೆ?

ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ಸಿಹಿನೀರು ಇರುವಲ್ಲೆಲ್ಲ ಇರುತ್ತದೆ. ಮೀನು ಗಟ್ಟಿಯಾಗಿದ್ದರೆ ತೆಪ್ಪಗಿರುತ್ತದೆ. ಆಮ್ಲಜನಕ ಕಡಿಮೆಯಾಗಲಿ, ಬಲೆಯಲ್ಲಿ ಹುರುಪೆ ಕಿತ್ತು ಬರಲಿ, ಮೈಮೇಲೆ ಏರಿ ಬರುತ್ತದೆ: ಹುಣ್ಣು, ರೆಕ್ಕೆಯ ಬುಡದಲ್ಲಿ ರಕ್ತ, ಹೊಟ್ಟೆಯುಬ್ಬರ. ಲಸಿಕೆ ಮಾಡುವುದು ಕಷ್ಟವಲ್ಲ, ಕೊಡುವುದು ಕಷ್ಟ. ಸಾವಿರಾರು ಮೀನನ್ನು ಒಂದೊಂದಾಗಿ ಹಿಡಿದು ಸೂಜಿ ಚುಚ್ಚುವವರು ಯಾರು? ಮೇವಿನಲ್ಲಿ ಬೆರೆಸಿ ಕೊಟ್ಟರೆ ಸುಲಭ. ಆದರೆ ಸತ್ತ ಬ್ಯಾಕ್ಟೀರಿಯಾವನ್ನು ಮೀನಿನ ಕರುಳಿನ ಮುಂಭಾಗವೇ ಅರಗಿಸಿ ಮುಗಿಸುತ್ತದೆ. ರೋಗನಿರೋಧಕ ಕಣಗಳು ಅದನ್ನು ಗುರುತಿಸಬೇಕಾದ ಹಿಂಗರುಳಿಗೆ ತಲುಪುವುದು ತೀರಾ ಅಲ್ಪ.

ಶಂಕರ್ ಮತ್ತು ಅವರ ಜೊತೆ ದುಡಿದ ಸಂಶೋಧಕರು ಬ್ಯಾಕ್ಟೀರಿಯಾವನ್ನು ಗಂಜಿಯಂಥ ದ್ರವದಲ್ಲಿ ತೇಲಲು ಬಿಡದೆ, ಕೈಟಿನ್ ಚಕ್ಕೆಗಳ ಮೇಲೆ ಅಂಟಿಸಿ ಬೆಳೆಸಿದರು. ಕೈಟಿನ್ ಎಂದರೆ ಸಿಗಡಿ, ಏಡಿಗಳ ಚಿಪ್ಪಿನ ಸತ್ವ. ಮಂಗಳೂರಿನಂಥ ಊರಿನಲ್ಲಿ ಚಿಪ್ಪಿಗೆ ಬರವೇ? ಚಕ್ಕೆಗೆ ಅಂಟಿದ ಬ್ಯಾಕ್ಟೀರಿಯಾ ತನ್ನ ಸುತ್ತ ಸಕ್ಕರೆಯಂಶದ ಅಂಟು ಪೊರೆಯೊಂದನ್ನು ಕಟ್ಟಿಕೊಳ್ಳುತ್ತದೆ. ಹೊಂಡದ ರಚ್ಚಿಗೆ ಜಾರಿಕೆ ತರುವುದೂ ಇಂಥದೇ ಅಂಟು. ಬಳಿಕ ಕಾಯಿಸಿ ಅದನ್ನು ಕೊಂದು, ಚಕ್ಕೆಸಮೇತ ಮೇವಿಗೆ ಬೆರೆಸಿದರು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಗಳಿಗೆ ತಿನ್ನಿಸಿ ನೋಡಿದರೆ, ಪೊರೆ ಹೊದ್ದ ಲಸಿಕೆ ಬಿಡಿ ಕಣಗಳ ಲಸಿಕೆಗಿಂತ ಹೆಚ್ಚಾಗಿ ಹಿಂಗರುಳಿಗೆ ತಲುಪಿ, ಹೆಚ್ಚು ದಿನ ಉಳಿದಿತ್ತು. ರಕ್ತದಲ್ಲಿ ಪ್ರತಿಕಾಯವೂ ಏರಿತ್ತು, ರೋಗಾಣು ಚುಚ್ಚಿದಾಗ ಬದುಕಿದ ಮೀನೂ ಹೆಚ್ಚು. 1997ರಿಂದ 2000ದ ನಡುವೆ ಸರಣಿಯಾಗಿ ಬಂದ ಈ ಪ್ರಬಂಧಗಳನ್ನು ಓದುವಾಗ, ಅಂಕಿ ಅಂಶಗಳ ನಡುವೆಯೂ ಒಂದು ತುಂಟತನ ಕಾಣುತ್ತದೆ. ಶತ್ರುವಿನ ಕವಚವನ್ನೇ ಶತ್ರುವಿನ ವಿರುದ್ಧ ತಿರುಗಿಸಿದ ಸಂತೋಷ ಅದು. ಮುಂದೆ ಇದೇ ಪ್ರಯೋಗ ಮಾಂಸಾಹಾರಿಗಳಾದ ಮುರುಗೋಡು, ಕುಚ್ಚು ಮೀನುಗಳವರೆಗೂ ಹೋಯಿತು.

ಕುಚ್ಚಿನ ಹೆಸರು ಬಂದರೆ ಹಳಬರಿಗೆ ನೆನಪಾಗುವುದು ಹುಣ್ಣು ರೋಗ. 1988ರಲ್ಲಿ ಈಶಾನ್ಯದ ಮೂಲಕ ದೇಶ ಹೊಕ್ಕ ಈ ಪಿಡುಗು ಕೆಲವೇ ವರ್ಷಗಳಲ್ಲಿ ದಕ್ಷಿಣದ ಕೆರೆಗಳಿಗೂ ಇಳಿಯಿತು. ಅಫನೊಮೈಸಿಸ್ ಎಂಬ ಬೂಷ್ಟಿನಂಥ ಜೀವಿಯಿಂದ ಬರುವ ಹುಣ್ಣುಗಳನ್ನು ಕಂಡು ಜನ ಮೀನು ಕೊಳ್ಳುವುದನ್ನೇ ಬಿಟ್ಟಿದ್ದರು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ‘ಸಿಫಾಕ್ಸ್’ ಎಂಬ ಔಷಧಿ ತಂದದ್ದು ಆಗ. ಅದೇ ಸಂಸ್ಥೆ ನಾರ್ವೆಯವರ ಜೊತೆಗೂಡಿ, ಹಲವು ನದಿಗಳ ರೋಹುಗಳನ್ನು ಒಟ್ಟುಹಾಕಿ, ಆಯ್ದು ಬೆಳೆಸಿದ ತಳಿ ‘ಜಯಂತಿ’. ಸ್ವಾತಂತ್ರ್ಯದ ಐವತ್ತನೇ ವರ್ಷವಾದ 1997ರಲ್ಲಿ ಬಂದದ್ದರಿಂದ ಆ ಹೆಸರು. ತಲೆಮಾರಿನಿಂದ ತಲೆಮಾರಿಗೆ ಶೇ 17ರ ಆಸುಪಾಸಿನಲ್ಲಿ ಬೆಳವಣಿಗೆ ಏರಿದ ತಳಿ ಇದು. ಇದಕ್ಕೆಲ್ಲ ಬುನಾದಿ 1957ರ ಜುಲೈ 10. ಅಂದು ಒಡಿಶಾದ ಅಂಗುಲ್‌ನಲ್ಲಿ ಹಿರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯೂಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದ್ದರು. ನದಿಯಲ್ಲಿ ಮರಿ ಹುಡುಕಿ ತರುವ ಕಾಲ ಮುಗಿಯುವುದಕ್ಕೆ ಅಲ್ಲಿಂದ ಶುರು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ.

ತಳಿ ಒಳ್ಳೆಯದು, ಲಸಿಕೆಯೂ ಒಳ್ಳೆಯದು. ಮದ್ದೂರಿನ ಹೊಂಡಕ್ಕೆ ಬಂದ ಕಾಟ ಮಾತ್ರ ಬೇರೆ.

ಯಜಮಾನರ ಮಗ ಕೈಬಲೆಯಲ್ಲಿ ಒಂದು ಸಾಮಾನ್ಯ ಗೆಂಡೆಯನ್ನು ಎತ್ತಿ ತಂದ. ರೆಕ್ಕೆಯ ಹಿಂದೆ ಹುರುಪೆಯ ಬಣ್ಣದ್ದೇ ಒಂದು ಚುಕ್ಕೆ. ಉಗುರಲ್ಲಿ ಒತ್ತಿದ ಕೂಡಲೇ ಚುಕ್ಕೆ ಬೆರಳ ತುದಿಗೆ ಹತ್ತಿ ಸರಸರ ಓಡಿತು. ಮೀನಿನ ಹೇನು, ಆರ್ಗುಲಸ್. ಭೂತಗನ್ನಡಿಯಲ್ಲಿ ನೋಡಿದರೆ ಎರಡು ಬಟ್ಟಲಿನಂಥ ಹೀರುಬಾಯಿ, ನಡುವೆ ಸೂಜಿ. ಹೇನು ಹತ್ತಿದ ಮೀನು ದಡಕ್ಕೆ, ಗಳಕ್ಕೆ ಮೈ ಉಜ್ಜುತ್ತ, ನೀರಿನಿಂದ ಹಾರುತ್ತ ದಿನ ಕಳೆಯುತ್ತದೆ, ಮೇವಿನ ಕಡೆ ಗಮನವಿಲ್ಲ. ಸೂಜಿ ಚುಚ್ಚಿದ ಗಾಯ ಏರೋಮೊನಾಸ್‌ಗೆ ತೆರೆದ ಬಾಗಿಲು.

ಈ ಹೇನಿನ ಹೆಣ್ಣು ಮೊಟ್ಟೆ ಇಡಲು ಮೀನಿನ ಮೈ ಬಿಟ್ಟು ಈಜಿ ಹೋಗುತ್ತದೆ. ಹೋಗುವುದು ಎಲ್ಲಿಗೆ? ನೀರೊಳಗಿನ ಗಟ್ಟಿ ವಸ್ತುವಿನ ಹತ್ತಿರಕ್ಕೆ. ಕಲ್ಲು, ಹಲಗೆ, ಬಿದಿರು. ರೋಹುವಿಗೆ ಊಟದ ಮನೆಯಾದ ಗಳವೇ ಹೇನಿಗೆ ಹೆರಿಗೆಮನೆ. ಮಗ ಒಂದು ಗಳವನ್ನು ಹೊರಗೆಳೆದು ಲೋಳೆ ಸರಿಸಿ ತೋರಿಸಿದ: ಗಿಣ್ಣಿನ ಪಕ್ಕದಲ್ಲಿ, ಸಾಲು ಹಿಡಿದು ಅಂಟಿಸಿದ ಎಳ್ಳಿಗಿಂತ ಸಣ್ಣ ಕಣಗಳು.

ಇದನ್ನು ಕಂಡು ಎಲ್ಲ ಗಳಗಳನ್ನೂ ಕಿತ್ತೆಸೆಯುವವರೂ ಇದ್ದಾರೆ. ಕಿತ್ತರೆ ಹೇನು ದಡದ ಕಲ್ಲಿಗೆ ಮೊಟ್ಟೆ ಇಡುತ್ತದೆ, ಅದನ್ನು ಹುಡುಕುವುದು ಇನ್ನೂ ಕಷ್ಟ. ತಿಳಿದವರು ಮಾಡುವುದು ಉಲ್ಟಾ. ಮೊಟ್ಟೆ ಇಡಲೆಂದೇ ಗಳ ಬಿಟ್ಟು, ಮರಿಯೊಡೆಯುವ ಮೊದಲೇ ಎತ್ತಿ ಬಿಸಿಲಿಗೆ ಹಾಕುತ್ತಾರೆ. ಬೆಚ್ಚನೆಯ ನೀರಿನಲ್ಲಿ ಮೊಟ್ಟೆ ಒಡೆಯಲು ಎರಡು ಮೂರು ವಾರ ಹಿಡಿಯುವುದರಿಂದ, ವಾರಕ್ಕೊಮ್ಮೆ ಸರದಿಯಂತೆ ಒಂದಷ್ಟು ಗಳ ದಡಕ್ಕೆ ಬಂದರೆ ಹೇನಿನ ಸಂತತಿ ಅಲ್ಲೇ ಒಣಗುತ್ತದೆ. ಈ ಹೊಂಡದಲ್ಲಿ ನಡೆಯುತ್ತಿರುವುದು ಅದೇ. ದಡದ ಮೇಲೆ ಒಣಗಲು ಹಾಕಿದ ಗಳಗಳಿಗೆ ಸುಣ್ಣದಲ್ಲಿ ಗುರುತು: ಒಂದು ಗೀಟು, ಎರಡು ಗೀಟು, ಮೂರು ಗೀಟು.

ರಚ್ಚಿನ ಉಪಾಯ ಇಷ್ಟು ಚೆನ್ನಾಗಿದ್ದರೆ ಜಿಲ್ಲೆಯ ಎಲ್ಲ ಹೊಂಡಗಳಲ್ಲೂ ಏಕಿಲ್ಲ? ಕಾರಣಗಳು ಪ್ರಯೋಗಾಲಯದ ಹೊರಗಿವೆ. ಹಸಿ ರಚ್ಚು ಹಾಕಿದರೆ ಅದರಲ್ಲಿ ಉಳಿದ ಸಕ್ಕರೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಬೆಳಗಿನ ಜಾವಕ್ಕೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಆದ್ದರಿಂದ ಒಣಗಿದ್ದೇ ಆಗಬೇಕು, ಅದೂ ಒಮ್ಮೆಲೇ ರಾಶಿ ಹಾಕುವಂತಿಲ್ಲ. ಕೆಲವು ತಿಂಗಳಲ್ಲಿ ಕಟ್ಟು ಕರಗಿ ಹೋಗುತ್ತದೆ, ಹೊಸದು ಕಟ್ಟಬೇಕು. ಎಳೆಬಲೆ ಹಾಕುವ ದಿನ ಗಳಗಳನ್ನೆಲ್ಲ ಕೀಳದೆ ಬಲೆ ಸಾಗದು, ಕೂಲಿಯವರು ಅದಕ್ಕೆ ಬೇರೆ ಕಾಸು ಕೇಳುತ್ತಾರೆ. ಎಲ್ಲಕ್ಕಿಂತ ದೊಡ್ಡದು, ರಚ್ಚು ಈಗ ಕಸವಲ್ಲ. ಆಲೆಮನೆಗೆ ಅದೇ ಉರುವಲು, ಸಕ್ಕರೆ ಕಾರ್ಖಾನೆಗೆ ಅದರಿಂದಲೇ ವಿದ್ಯುತ್ತು.

‘ಹೋದ್ ಸಲ ಸುಮ್ನೆ ಕೊಟ್ರು, ಈ ಸಲ ಗಾಡಿ ಲೆಕ್ಕ ಹೇಳ್ತಾವ್ರೆ’ ಎಂದು ಯಜಮಾನರು ಆಲೆಮನೆಯ ದಿಕ್ಕಿಗೆ ಕೈ ಮಾಡಿದರು. ಮುಂದಿನ ಮಳೆಗಾಲಕ್ಕೆ ಅರ್ಧ ರಚ್ಚು, ಅರ್ಧ ಬಿದಿರ ಸೀಳು ಎಂದು ಅವರ ಲೆಕ್ಕ. ಮರಿ ಬರೆಸುವಾಗ ರೋಹು ಹೆಚ್ಚಿಸಿ ಕಾಟ್ಲಾ ಇಳಿಸುವುದೂ ಅದರಲ್ಲಿ ಸೇರಿದೆ. ಮಗ ಒಪ್ಪಿಲ್ಲ. ಸಂತೆಯಲ್ಲಿ ಗಿರಾಕಿ ಮೊದಲು ಕೈ ಹಾಕುವುದು ದಪ್ಪ ಕಾಟ್ಲಾದ ಮೇಲೆ, ಲೋಳೆ ಯಾರು ಮೇಯ್ದರು ಎಂದು ಯಾರೂ ಕೇಳುವುದಿಲ್ಲ ಎಂಬುದು ಅವನ ವಾದ.

‘ಅಪ್ಪ, ಮಾರೋನು ನಾನು ತಾನೆ?’

‘ಸಾಕೋನು ನಾನು ಕಣೋ’ ಎಂದು ಯಜಮಾನರು ಎರಡು ಗೀಟಿನ ಗಳವನ್ನು ಮಗುಚಿ ಹಾಕಿದರು. ಮರಿ ಬರೆಸಲು ಇನ್ನೂ ಸಮಯವಿದ್ದುದರಿಂದ ಅಪ್ಪ ಮಗನ ಲೆಕ್ಕ ಅಂದಿಗೆ ಇತ್ಯರ್ಥವಾಗಲಿಲ್ಲ.