ತಟ್ಟೆಯಲ್ಲಿ ಆಲದ ಮರ: ಕಾಲವನ್ನೇ ಬಂಡವಾಳವಾಗಿ ಹೂಡುವ ಕಸುಬು

ಆಲದ ಮರಕ್ಕೂ ವರ್ತಕರಿಗೂ ಇರುವ ನಂಟು ಬಹಳ ಹಳೆಯದು. ಇಂಗ್ಲಿಷ್ ಭಾಷೆಯಲ್ಲಿ ಈ ಮರಕ್ಕಿರುವ ‘ಬ್ಯಾನಿಯನ್’ ಎಂಬ ಹೆಸರು ‘ಬನಿಯಾ’ ಎಂಬ ವರ್ತಕ ಸಮುದಾಯದ ಹೆಸರಿನಿಂದಲೇ ಬಂದದ್ದು. ಪರ್ಷಿಯಾ ಕೊಲ್ಲಿಯ ಬಂದರ್ ಅಬ್ಬಾಸ್ ಸಮೀಪ ನಮ್ಮ ದೇಶದ ವರ್ತಕರು ಈ ಮರದಡಿಯಲ್ಲಿ ಸೇರುತ್ತಿದ್ದುದನ್ನು ಕಂಡ ಐರೋಪ್ಯ ಪ್ರವಾಸಿಗಳು ಅದನ್ನು ಬನಿಯಾಗಳ ಮರವೆಂದು ಕರೆದರು. ಮುಂಬಯಿಯ ಷೇರು ದಲ್ಲಾಳಿಗಳು 1850ರ ದಶಕದಲ್ಲಿ ಟೌನ್ ಹಾಲ್ ಎದುರಿನ ಆಲದ ಮರಗಳ ನೆರಳಿನಲ್ಲಿ ವ್ಯವಹಾರ ನಡೆಸುತ್ತಿದ್ದರು. 1875ರಲ್ಲಿ ಅವರು ಕಟ್ಟಿಕೊಂಡ ಸಂಘವೇ ಮುಂದೆ ಮುಂಬಯಿ ಷೇರು ವಿನಿಮಯ ಕೇಂದ್ರವಾಗಿ ಬೆಳೆಯಿತು.

ಇಂತಹ ಮರವು ಹುಬ್ಬಳ್ಳಿ-ಧಾರವಾಡದ ಹಳೆಯ ಪೇಟೆಗಳಲ್ಲಿ ಇಂದು ನಮ್ಮ ಕಣ್ಣಿಗೆ ಬೀಳುವುದು ಶತ್ರುವಿನ ರೂಪದಲ್ಲಿ. ಹಕ್ಕಿಯ ಹಿಕ್ಕೆಯೊಡನೆ ಬಿದ್ದ ಬೀಜ ಗೋದಾಮಿನ ಗೋಡೆಯ ಬಿರುಕಿನಲ್ಲಿ ಮೊಳೆಯುತ್ತದೆ. ಎರಡು ಮಳೆಗಾಲ ಕಳೆಯುವುದರೊಳಗೆ ಗಾರೆಯನ್ನು ಸೀಳುತ್ತದೆ. ನಾವು ಅದನ್ನು ಕಿತ್ತೆಸೆಯುತ್ತೇವೆ, ಬುಡಕ್ಕೆ ಆ್ಯಸಿಡ್ ಸುರಿಯುತ್ತೇವೆ. ಆದರೆ ಬೋನ್ಸಾಯ್ ಕಲೆಯನ್ನು ಬಲ್ಲವರ ಕಣ್ಣಿಗೆ ಅದು ಅರ್ಧ ಸಿದ್ಧವಾದ ಸರಕು. ಈ ಸರಕನ್ನು ಬೆಳೆಸಿ ರೂಪಿಸುವ ಬಗೆ ಯಾವುದು ಮತ್ತು ಇದನ್ನು ಉಪಕಸುಬಾಗಿ ಕೈಗೊಳ್ಳಬಯಸುವ ಸಣ್ಣ ವ್ಯಾಪಾರಿಯ ಲೆಕ್ಕಪುಸ್ತಕದಲ್ಲಿ ಇದು ಹೇಗೆ ನಿಲ್ಲುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸೋಣ.

ಬೋನ್ಸಾಯ್ ಎಂದರೇನು?

ಈ ಜಪಾನೀ ಪದದ ಅರ್ಥ ‘ತಟ್ಟೆಯಲ್ಲಿ ನೆಟ್ಟದ್ದು’ ಎಂದು. ಕಲೆಯ ಮೂಲ ಚೀನಾದಲ್ಲಿದ್ದು, ಜಪಾನಿನಲ್ಲಿ ಅದು ಶಾಸ್ತ್ರದ ರೂಪ ಪಡೆಯಿತು. ಬೋನ್ಸಾಯ್ ಗಿಡವು ಕುಬ್ಜ ತಳಿಯಲ್ಲ. ಬಯಲಿನಲ್ಲಿ ನೆಟ್ಟರೆ ಮುಗಿಲೆತ್ತರ ಬೆಳೆಯಬಲ್ಲ ಮರವೇ. ಬೇರು ಮತ್ತು ಕೊಂಬೆಗಳನ್ನು ಕಾಲಕಾಲಕ್ಕೆ ಕತ್ತರಿಸಿ, ತಂತಿ ಸುತ್ತಿ ಬಾಗಿಸಿ, ಅದರ ಗಾತ್ರವನ್ನು ಹಿಡಿತದಲ್ಲಿ ಇರಿಸಲಾಗುತ್ತದೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿಯೂ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿಯೂ ನಮ್ಮ ನಾಡಿನ ಆಸಕ್ತರು ಇಂತಹ ಗಿಡಗಳನ್ನು ಕಣ್ಣಾರೆ ನೋಡಬಹುದು.

ಆಲದ ಕುಲವೇ ಏಕೆ?

ಆಲ, ಅರಳಿ, ಅತ್ತಿ, ಬಸರಿ, ಅಂಜೂರ ಇವೆಲ್ಲವೂ ಫೈಕಸ್ ಎಂಬ ಒಂದೇ ಕುಲಕ್ಕೆ ಸೇರಿದವು. ಹೊಸಬರು ಮಾಡುವ ತಪ್ಪುಗಳನ್ನು ಈ ಕುಲದಷ್ಟು ಕ್ಷಮಿಸುವ ಮರಗಳು ಕಡಿಮೆ. ಬೆಂಗಳೂರು ಸಮೀಪದ ದೊಡ್ಡ ಆಲದ ಮರವು ರೋಗದಿಂದ ತನ್ನ ಮೂಲ ಕಾಂಡವನ್ನು ಕಳೆದುಕೊಂಡರೂ ಬಿಳಲುಗಳ ಆಸರೆಯಲ್ಲಿ ಬದುಕಿತು. ಕೋಲ್ಕತ್ತದ ಸಸ್ಯೋದ್ಯಾನದ ಮಹಾ ಆಲದ ಮೂಲ ಕಾಂಡವನ್ನು 1925ರಲ್ಲಿಯೇ ತೆಗೆದುಹಾಕಲಾಯಿತು. ಮರ ಇಂದಿಗೂ ನಿಂತಿದೆ. ಈ ಜೀವಶಕ್ತಿಯೇ ಬೋನ್ಸಾಯ್ ಮಾಡುವವನ ಮೂಲಧನ.

ಆದರೆ ಕುಲ ಒಂದೇ ಆದರೂ ಗುಣ ಒಂದೇ ಅಲ್ಲ. ನರ್ಸರಿಗಳಲ್ಲಿ ‘ಫೈಕಸ್’ ಎಂದೇ ಮಾರಾಟವಾಗುವ ಮೈಕ್ರೋಕಾರ್ಪಾ ಜಾತಿಗೆ ಎಲೆ ಚಿಕ್ಕದು, ಬೇರು ದಪ್ಪ. ಕಲಿಯುವವರಿಗೆ ಅದೇ ಮೇಲು. ಚೀನಾ ದೇಶವು ಯುರೋಪಿನ ಮಾರುಕಟ್ಟೆಗೆ ಕಳುಹಿಸುವ ಗೆಡ್ಡೆಬೇರಿನ ‘ಜಿನ್ಸೆಂಗ್’ ಫೈಕಸ್ ಕೂಡ ಇದೇ ಜಾತಿಯದು. ಆಲ ಮತ್ತು ಅರಳಿಯ ಎಲೆ ದೊಡ್ಡದಾದ್ದರಿಂದ ಅಂಗೈಯಗಲದ ಗಿಡದಲ್ಲಿ ಅವು ಶೋಭಿಸುವುದಿಲ್ಲ. ಎರಡು ಅಡಿಗೆ ಮೇಲ್ಪಟ್ಟ ಎತ್ತರದಲ್ಲಿ ಮಾತ್ರ ಪ್ರಮಾಣ ಕೂಡಿಬರುತ್ತದೆ. ಅತ್ತಿ ಮತ್ತು ಅಂಜೂರಗಳಲ್ಲಿ ಇನ್ನೊಂದು ಮಾತನ್ನು ನೆನಪಿಡಬೇಕು. ಗಿಡವನ್ನು ಎಷ್ಟೇ ಚಿಕ್ಕದಾಗಿಸಿದರೂ ಹಣ್ಣು ಆ ಪ್ರಮಾಣದಲ್ಲಿ ಚಿಕ್ಕದಾಗುವುದಿಲ್ಲ.

ಬೆಳೆಸುವ ಕ್ರಮ

ಗೋಡೆಯ ಸಸಿಯನ್ನು ಎಬ್ಬಿಸಲು ಜೂನ್ ತಿಂಗಳ ಮೊದಲ ಮಳೆಗಳು ಬಿದ್ದ ನಂತರದ ದಿನಗಳು ಪ್ರಶಸ್ತ. ಕಟ್ಟಡದ ಮಾಲೀಕರ ಒಪ್ಪಿಗೆ ಪಡೆಯಬೇಕು. ಸಂರಕ್ಷಿತ ಸ್ಮಾರಕಗಳ ಗೋಡೆಗೆ ಕೈಹಾಕಬಾರದು. ಸುತ್ತಲಿನ ಗಾರೆಯನ್ನು ಬಿಡಿಸಿ ಸಾಧ್ಯವಿದ್ದಷ್ಟು ಬೇರನ್ನು ಉಳಿಸಿಕೊಂಡು, ಮೇಲಿನ ಕೊಂಬೆಗಳನ್ನು ಮೊಟಕುಗೊಳಿಸಿ, ನೆರಳಿನಲ್ಲಿಡಬೇಕು. ಆಲದ ಬಲಿತ ಕೊಂಬೆಯ ತುಂಡುಗಳೂ ಮಳೆಗಾಲದಲ್ಲಿ ಸುಲಭವಾಗಿ ಬೇರು ಬಿಡುತ್ತವೆ.

ಮಣ್ಣಿನ ವಿಷಯದಲ್ಲಿ ನಮ್ಮ ಭಾಗದವರು ವಿಶೇಷ ಎಚ್ಚರ ವಹಿಸಬೇಕು. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಕಡೆ ಎರೆಮಣ್ಣು. ಹತ್ತಿ, ಕಡಲೆ, ಜೋಳಕ್ಕೆ ಚಿನ್ನದಂತಹ ಎರೆಮಣ್ಣು ಬೋನ್ಸಾಯ್ ತಟ್ಟೆಗೆ ವಿಷ. ಮಳೆಯಲ್ಲಿ ಅಂಟಾಗಿ ಗಾಳಿಯನ್ನು ತಡೆಯುತ್ತದೆ, ಬಿಸಿಲಿನಲ್ಲಿ ಬಿರಿದು ಎಳೆಬೇರುಗಳನ್ನು ಹರಿಯುತ್ತದೆ. ಇಟ್ಟಿಗೆಚೂರನ್ನು ಜರಡಿ ಹಿಡಿದು ಪುಡಿಯನ್ನು ಚೆಲ್ಲಿ, ಮೂರರಿಂದ ಆರು ಮಿಲಿಮೀಟರ್ ಗಾತ್ರದ ಕಾಳುಗಳನ್ನು ಎರಡು ಪಾಲು, ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಬೆರೆಸಿದರೆ ಸಾಕು. ಎರೆದ ನೀರು ತಟ್ಟೆಯ ತಳದ ರಂಧ್ರದಿಂದ ಕೆಲವೇ ಕ್ಷಣಗಳಲ್ಲಿ ಹೊರಬರಬೇಕು, ಅದೇ ಪರೀಕ್ಷೆ. ಗೊಬ್ಬರವಾಗಿ ನಮ್ಮ ಎಣ್ಣೆ ಗಿರಣಿಗಳ ಶೇಂಗಾ ಹಿಂಡಿ, ಬೇವಿನ ಹಿಂಡಿಯನ್ನು ಬೆಳವಣಿಗೆಯ ಕಾಲದಲ್ಲಿ ಅಲ್ಪ ಪ್ರಮಾಣದಲ್ಲಿ ನೀಡಬಹುದು.

ಹೊಸಬರ ಅತಿ ದೊಡ್ಡ ತಪ್ಪು ಆತುರ. ಸಸಿಯನ್ನು ತಂದ ದಿನವೇ ತಟ್ಟೆಗೆ ಹಾಕುತ್ತಾರೆ. ತಟ್ಟೆಗೆ ಹೋದ ಗಿಡದ ಕಾಂಡ ಬಹುತೇಕ ಅದೇ ದಪ್ಪದಲ್ಲಿ ನಿಂತುಬಿಡುತ್ತದೆ. ಕಾಂಡ ದಪ್ಪವಾಗಬೇಕಾದರೆ ಮೊದಲು ಮೂರು-ನಾಲ್ಕು ವರ್ಷ ನೆಲದಲ್ಲಿ ಅಥವಾ ದೊಡ್ಡ ಕುಂಡದಲ್ಲಿ ಸ್ವೇಚ್ಛೆಯಾಗಿ ಬೆಳೆಯಬಿಡಬೇಕು. ಅವಸರವಿರುವವರಿಗೆ ಈ ಕುಲವೇ ಒಂದು ಉಪಾಯವನ್ನು ಒದಗಿಸಿದೆ. ಐದಾರು ಎಳೆ ಸಸಿಗಳನ್ನು ಒಟ್ಟಿಗೆ ಬಿಗಿದು ಕಟ್ಟಿದರೆ ಅವುಗಳ ಕಾಂಡಗಳು ಕಾಲಾಂತರದಲ್ಲಿ ಒಂದಾಗಿ ಬೆಸೆದುಕೊಳ್ಳುತ್ತವೆ.

ರೂಪಿಸುವ ಕ್ರಮ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಎಳೆಯ ಕೊಂಬೆಗೆ ಅದರ ಮೂರನೆಯ ಒಂದು ಪಾಲು ದಪ್ಪದ ಅಲ್ಯೂಮಿನಿಯಂ ತಂತಿಯನ್ನು 45 ಡಿಗ್ರಿ ಓರೆಯಲ್ಲಿ ಸುತ್ತಿ, ನಿಧಾನವಾಗಿ ಬಾಗಿಸಬೇಕು. ಮೋಟಾರು ರಿವೈಂಡಿಂಗ್ ಅಂಗಡಿಗಳ ಹಳೆಯ ತಾಮ್ರದ ತಂತಿಯನ್ನೂ ಕೆಂಪಗೆ ಕಾಯಿಸಿ ಮೃದುಗೊಳಿಸಿ ಬಳಸಬಹುದು. ತುಕ್ಕು ಹಿಡಿಯುವ ಕಬ್ಬಿಣದ ತಂತಿ ಬೇಡ. ಮಳೆಗಾಲದಲ್ಲಿ ಫೈಕಸ್ ಶೀಘ್ರವಾಗಿ ಉಬ್ಬುವುದರಿಂದ ವಾರಕ್ಕೊಮ್ಮೆ ನೋಡುತ್ತಿದ್ದು, ತಂತಿ ತೊಗಟೆಯನ್ನು ಕಚ್ಚುವ ಮೊದಲೇ ಅದನ್ನು ತುಂಡರಿಸಿ ತೆಗೆಯಬೇಕು. ಒಮ್ಮೆ ಬಿದ್ದ ಗಾಯದ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ.

ಕತ್ತರಿಸಿದಲ್ಲಿ ಒಸರುವ ಹಾಲಿನಂತಹ ಸೊನೆಗೆ ಹೆದರಬೇಕಾಗಿಲ್ಲ. ನೀರು ಚಿಮುಕಿಸಿದರೆ ನಿಲ್ಲುತ್ತದೆ. ಕಣ್ಣಿಗೂ ಚರ್ಮಕ್ಕೂ ತಾಗದಂತೆ ನೋಡಿಕೊಂಡರಾಯಿತು. ಆರೋಗ್ಯವಂತ ಗಿಡದ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಿದರೆ ಕೆಲವು ವಾರಗಳಲ್ಲಿ ಮೊದಲಿಗಿಂತ ಚಿಕ್ಕ ಎಲೆಗಳು ಬರುತ್ತವೆ. ದುರ್ಬಲ ಗಿಡಕ್ಕೆ ಈ ಪ್ರಯೋಗ ಸಲ್ಲದು. ಬಿಳಲು ಬೇಕೆನ್ನುವವರು ಮಳೆಗಾಲದ ತೇವದ ಗಾಳಿಯನ್ನು ಬಳಸಿಕೊಳ್ಳಬೇಕು. ಎಳೆಯ ಬಿಳಲನ್ನು ಪ್ಲಾಸ್ಟಿಕ್ ಕೊಳವೆಯೊಳಗಿನಿಂದ ಇಳಿಬಿಟ್ಟರೆ ಅದು ಒಣಗದೆ ಮಣ್ಣನ್ನು ತಲುಪುತ್ತದೆ.

ಎರಡು-ಮೂರು ವರ್ಷಕ್ಕೊಮ್ಮೆ ತಟ್ಟೆಯಿಂದ ಗಿಡವನ್ನು ಎತ್ತಿ, ಸುಮಾರು ಮೂರನೆಯ ಒಂದು ಪಾಲು ಬೇರನ್ನು ಕತ್ತರಿಸಿ, ಮಣ್ಣು ಬದಲಿಸಬೇಕು. ಆಗ ಮೇಲಿನ ಹರವನ್ನೂ ಅದೇ ಅನುಪಾತದಲ್ಲಿ ಇಳಿಸಬೇಕು. ಬೇರು ಕಿರಿದಾಗಿ ತಲೆ ಹಿರಿದಾದರೆ ಗಿಡ ಬಾಡುತ್ತದೆ. ಬಂಡವಾಳ ಕುಗ್ಗಿದಾಗಲೂ ವಹಿವಾಟಿನ ವಿಸ್ತಾರವನ್ನು ಇಳಿಸದ ಅಂಗಡಿಗಳ ಗತಿಯನ್ನು ಕಂಡಿರುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಲೆಕ್ಕ ಏನು ಹೇಳುತ್ತದೆ?

ಬೋನ್ಸಾಯ್‌ನಿಂದ ಸುಲಭ ಲಾಭವೆಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ಪೆನ್ಸಿಲ್ ಹಿಡಿದು ಪರೀಕ್ಷಿಸೋಣ. ಕೆಳಗಿನ ಅಂಕಿಗಳು ಮಾರುಕಟ್ಟೆಯ ದರಗಳಲ್ಲ. ಲೆಕ್ಕದ ರೀತಿಯನ್ನು ತೋರಿಸಲು ಹಿಡಿದ ಉದಾಹರಣೆ ಮಾತ್ರ.

ನೂರು ಸಸಿಗಳನ್ನು ತಂದು, ಕುಂಡ, ಮಣ್ಣು ಸೇರಿ ತಲಾ 150 ರೂಪಾಯಿ ಖರ್ಚಾಯಿತೆಂದು ಇಟ್ಟುಕೊಳ್ಳಿ. ನೀರು, ಗೊಬ್ಬರ, ತಂತಿ, ಆಳಿನ ಕೂಲಿ ಸೇರಿ ಗಿಡವೊಂದಕ್ಕೆ ವರ್ಷಕ್ಕೆ 120 ರೂಪಾಯಿ. ಐದು ವರ್ಷದ ಕೊನೆಗೆ ಕೈಯಿಂದ ಹೋದದ್ದು ತಲಾ 750 ರೂಪಾಯಿ. 1,000 ರೂಪಾಯಿಗೆ ಮಾರಿದರೆ 250 ಲಾಭವೆಂದು ತೋರುತ್ತದೆ. ಆದರೆ ಈ ಹಣಕ್ಕೆ ಶೇಕಡಾ 10ರ ಚಕ್ರಬಡ್ಡಿ ಹಾಕಿದರೆ ಖರ್ಚು ಸುಮಾರು 974 ರೂಪಾಯಿ. ನೂರರಲ್ಲಿ ಮೂವತ್ತು ಗಿಡ ಸತ್ತು, ಕೊನೆಯವರೆಗೆ ಅವುಗಳ ಮೇಲೂ ಖರ್ಚು ನಡೆದಿತ್ತೆಂದು ಹಿಡಿದರೆ, ಉಳಿದ ಒಂದೊಂದು ಗಿಡದ ಅಸಲು ಸುಮಾರು 1,390 ರೂಪಾಯಿ. ಅಂದರೆ ಲಾಭವೆಂದು ಭಾವಿಸಿದ ಮಾರಾಟದಲ್ಲಿ ಗಿಡಕ್ಕೆ 390 ರೂಪಾಯಿ ನಷ್ಟ.

ಇಲ್ಲಿ ಗಿಡಗಳ ಸಾವು ಬರೀ ಕಾಗದದ ಮೇಲಿನ ಅಂಕಿಯಲ್ಲ. ಮೇ ತಿಂಗಳಲ್ಲಿ ಮದುವೆಯೊಂದಕ್ಕೆಂದು ನಾಲ್ಕು ದಿನ ಊರುಬಿಟ್ಟಿದ್ದಾಗ ಈ ಲೇಖಕನ ಮಾಳಿಗೆಯ ಮೂರು ಅರಳಿ ಗಿಡಗಳು ಒಣಗಿದವು. ಆರು ವರ್ಷದ ದುಡಿಮೆ ನಾಲ್ಕು ದಿನದಲ್ಲಿ ಹೋಯಿತು. ಇಂಚೆರಡು ಆಳದ ತಟ್ಟೆಗೆ ನಮ್ಮ ಬೇಸಿಗೆಯಲ್ಲಿ ದಿನಕ್ಕೆ ಎರಡು ಬಾರಿ ನೀರು ಬೇಕು. ನಂಬಿಕೆಯ ಇನ್ನೊಂದು ಕೈ ಇಲ್ಲದವರು ಈ ಕಸುಬಿಗೆ ಇಳಿಯದಿರುವುದೇ ಲೇಸು.

ಹಾಗಾದರೆ ಆದಾಯ ಎಲ್ಲಿದೆ?

ಗಿಡ ಬೆಳೆಯುವ ವರ್ಷಗಳಲ್ಲಿ ಗಿಡದ ಸುತ್ತಲಿನ ಸರಕು ಮತ್ತು ಸೇವೆಯಿಂದ ಆದಾಯ ಪಡೆಯುವುದು ಜಾಣತನ. ಜರಡಿ ಹಿಡಿದ ಮಣ್ಣಿನ ಮಿಶ್ರಣವನ್ನು ಚೀಲ ಕಟ್ಟಿ ಮಾರಬಹುದು. ಕಚೇರಿ ಮತ್ತು ಹೋಟೆಲುಗಳಿಗೆ ಗಿಡಗಳನ್ನು ಬಾಡಿಗೆಗೆ ನೀಡಿ, ಸರದಿಯಂತೆ ಬಿಸಿಲಿಗೆ ಮರಳಿ ತಂದು ಪೋಷಿಸಬಹುದು. ಟೊಳ್ಳಾಗಿ ಕತ್ತರಿಸುವ ಬಾಗುಬಾಯಿಯ ಇಕ್ಕಳವು ಈ ಕಲೆಯ ಮುಖ್ಯ ಸಾಧನ. ಗೋಕುಲ ರಸ್ತೆ, ತಾರಿಹಾಳದ ವರ್ಕ್‌ಶಾಪುಗಳ ಕೈಚಳಕಕ್ಕೆ ಅದು ಹೊರತಾದುದಲ್ಲ. ತಟ್ಟೆಗಳ ವಿಷಯದಲ್ಲಿ ನಾವು ಬೆಳಗಾವಿ ಜಿಲ್ಲೆಯ ಖಾನಾಪುರದತ್ತ ನೋಡಬೇಕು. ಅಲ್ಲಿನ ಜೇಡಿಮಣ್ಣಿಗೆ ಹೆಸರಿದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿ ನೆಲೆಗೊಂಡಿತು.

ನಮ್ಮದೇ ಆದ ಒಂದು ಋತುಮಾನದ ಮಾರುಕಟ್ಟೆಯೂ ಇದೆ. ಜ್ಯೇಷ್ಠ ಹುಣ್ಣಿಮೆಯಂದು, ಕಾರಹುಣ್ಣಿಮೆಯ ದಿನವೇ, ಮುತ್ತೈದೆಯರು ವಟಸಾವಿತ್ರಿ ವ್ರತದಲ್ಲಿ ಆಲದ ಮರವನ್ನು ಪೂಜಿಸುತ್ತಾರೆ. ಬಡಾವಣೆಗಳಲ್ಲಿ ಮರ ದೊರೆಯದೆ ಕಡಿದ ಕೊಂಬೆಯನ್ನು ತಂದು ಪೂಜಿಸುವುದುಂಟು. ಅದರ ಬದಲು ಜೀವಂತ ಆಲವನ್ನು ಕುಂಡದಲ್ಲಿ ಒದಗಿಸಿದರೆ ವರ್ಷವರ್ಷವೂ ಅದೇ ಗಿಡ ಪೂಜೆಗೆ ಒದಗುತ್ತದೆ. ಅರಳಿಯನ್ನು ಮನೆಯೊಳಗೆ ಇರಿಸಲು ಅನೇಕರು ಹಿಂಜರಿಯುತ್ತಾರೆ ಎಂಬುದನ್ನೂ ಮಾರುವವರು ಅರಿತಿರಬೇಕು. ರಫ್ತಿನ ಕನಸು ಕಾಣುವವರು ಸಸ್ಯಾರೋಗ್ಯ ಪ್ರಮಾಣಪತ್ರ ಕಡ್ಡಾಯವೆಂಬುದನ್ನೂ ಮಣ್ಣು ಸಹಿತ ಗಿಡವನ್ನು ಅನೇಕ ದೇಶಗಳು ಒಳಬಿಡುವುದಿಲ್ಲವೆಂಬುದನ್ನೂ ಮೊದಲೇ ತಿಳಿಯುವುದು ಒಳಿತು.

ಒಮಿಯಾದ ಪಾಠ

1923ರ ಮಹಾಭೂಕಂಪದಲ್ಲಿ ಟೋಕಿಯೊ ನಗರ ನಾಶವಾದಾಗ ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಳ್ಳೆಯ ನೀರು ಮತ್ತು ವಿಶಾಲ ನೆಲವನ್ನು ಅರಸಿ ಉತ್ತರಕ್ಕೆ ಹೋದರು. 1925ರಲ್ಲಿ ಒಮಿಯಾ ಎಂಬಲ್ಲಿ ಬೋನ್ಸಾಯ್ ಗ್ರಾಮವನ್ನೇ ಕಟ್ಟಿದರು. 1989ರಲ್ಲಿ ಮೊದಲ ವಿಶ್ವ ಬೋನ್ಸಾಯ್ ಸಮ್ಮೇಳನ ನಡೆದದ್ದು ಅದೇ ಊರಿನಲ್ಲಿ. ಒಬ್ಬೊಬ್ಬರೇ ಚದುರಿಹೋಗಿದ್ದರೆ ಅಳಿಯಬಹುದಾಗಿದ್ದ ಕಸುಬು ಒಟ್ಟಿಗೆ ನೆಲೆನಿಂತದ್ದರಿಂದ ಹೆಸರಾಯಿತು. ಮಣ್ಣು ಜರಡಿ ಹಿಡಿಯುವವರು, ತಟ್ಟೆ ಮಾಡುವವರು, ಸಾಧನ ತಯಾರಿಸುವವರು, ಗಿಡ ಬೆಳೆಸುವವರು ನಮ್ಮಲ್ಲಿಯೂ ಒಬ್ಬರನ್ನೊಬ್ಬರು ಅರಿಯಬೇಕಾಗಿದೆ.

ಆಸಕ್ತರು ಹತ್ತು ಗಿಡಗಳಿಂದ ಆರಂಭಿಸಲಿ, ನೂರರಿಂದ ಬೇಡ. ಪ್ರತಿ ಗಿಡಕ್ಕೂ ಪುಸ್ತಕದಲ್ಲಿ ಒಂದು ಪುಟವಿರಲಿ. ತಂದ ದಿನ, ಮಾಡಿದ ಖರ್ಚು, ಬೇರು ಕತ್ತರಿಸಿದ ತಿಂಗಳು, ಸತ್ತರೆ ಸತ್ತ ಕಾರಣ ಅದರಲ್ಲಿ ದಾಖಲಾಗಲಿ. ಮೂರು ಬೇಸಿಗೆಗಳನ್ನು ದಾಟಿ ಎಷ್ಟು ಗಿಡ ಉಳಿದವೋ ಅದರ ಮೇಲೆ ಮುಂದಿನ ಹೂಡಿಕೆಯ ನಿರ್ಧಾರವಾಗಲಿ. ಮುಂಗಾರು ಬಂದೊಡನೆ ನಿಮ್ಮ ಗೋದಾಮಿನ ಗೋಡೆಯನ್ನು ಒಮ್ಮೆ ಸುತ್ತಿ ನೋಡಿರಿ. ಹೇಗಿದ್ದರೂ ಕೀಳಲೇಬೇಕಾದ ಸಸಿ ಅಲ್ಲಿ ಒಂದಾದರೂ ಇದ್ದೀತು.