ರಜೆಯ ಮಕ್ಕಳಿಗೆ ಕೆಲಸದ ಜೊತೆ ಲೆಕ್ಕವನ್ನೂ ಕೊಡಿ

ಏಪ್ರಿಲ್ ಎರಡನೆಯ ವಾರ ಮುಚ್ಚಿದ ಶಾಲೆ ಮತ್ತೆ ತೆರೆಯುವುದು ಮೇ ಕೊನೆಗೆ. ರಾಗಿ, ತೊಗರಿ ಬೆಳೆಯುವ ಬಯಲುಸೀಮೆಯ ರೈತರು ಭರಣಿ, ಕೃತ್ತಿಕೆ ಮಳೆಗಾಗಿ ಮುಗಿಲು ನೋಡುವ ಕಾಲವೂ ಇದೇ. ಮನೆಯಲ್ಲಿ ಹದಿನಾಲ್ಕು, ಹದಿನಾರರ ಮಕ್ಕಳಿದ್ದರೆ ಈ ಏಳು ವಾರ ತಂದೆತಾಯಿಗೇ ಪರೀಕ್ಷೆ. ಮಗ ಬಿಸಿಲೇರುವವರೆಗೆ ಏಳುವುದಿಲ್ಲ. ಎದ್ದರೆ ಕೈಯಲ್ಲಿ ಮೊಬೈಲು. ದನಕ್ಕೆ ನೀರು ಕುಡಿಸು ಎಂದರೆ ಮುಖ ಊದಿಸುತ್ತಾನೆ. ಮಗಳಿಗೋ ರಜೆ ಎಂಬುದೇ ಇಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಪಾತ್ರೆ ಎಲ್ಲವೂ ಅವಳ ಪಾಲಿಗೆ.

‘ಈಗಿನ ಹುಡುಗರಿಗೆ ಬೇಸಾಯ ಬೇಡ’ ಎಂದು ಅರಳೀಕಟ್ಟೆಯಲ್ಲಿ ಕುಳಿತು ಹೇಳುವುದು ಸುಲಭ. ಆದರೆ ನಾವು ಮಕ್ಕಳಿಗೆ ಕೊಡುವುದೇನು? ಅಲ್ಲಿ ಹೋಗು, ಇಲ್ಲಿ ಬಾ ಎಂಬ ಕೆಲಸ ಮಾತ್ರ. ಯಾವ ಬೀಜ, ಎಷ್ಟು ಸಾಲ, ಏನು ಉಳಿಯಿತು ಎಂಬ ಮಾತು ಅವರ ಕಿವಿಗೆ ಬೀಳದು. ಬೆವರು ಮಾತ್ರ ತನ್ನದು, ಲೆಕ್ಕ ತನ್ನದಲ್ಲ ಎಂದಾದರೆ ಯಾರಿಗೆ ತಾನೇ ಆಸಕ್ತಿ ಹುಟ್ಟೀತು? ಈ ರಜೆಯಲ್ಲಿ ಮಗ, ಮಗಳು ಇಬ್ಬರಿಗೂ ಪೂರ್ತಿ ಹೊಣೆಯ ಒಂದೊಂದು ಕೆಲಸ ಒಪ್ಪಿಸಿ ನೋಡಿ.

ಬೀಜದ ಪರೀಕ್ಷೆ

ಮನೆಯಲ್ಲಿ ಇಟ್ಟ ಬಿತ್ತನೆ ಬೀಜದಲ್ಲಿ ಆರಿಸದೆ 100 ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಹರಡಿ ಸುತ್ತಿ, ನೆರಳಿನಲ್ಲಿಡಬೇಕು. ಬಟ್ಟೆ ಒಣಗದಂತೆ ದಿನವೂ ನೀರು ಚಿಮುಕಿಸಬೇಕು. ರಾಗಿಯಾದರೆ ಎಂಟನೆಯ ದಿನ ಚೆನ್ನಾಗಿ ಮೊಳೆತವನ್ನು ಎಣಿಸಬಹುದು. ಪ್ರಮಾಣಿತ ಬೀಜಕ್ಕೆ ರಾಗಿ, ತೊಗರಿಯಲ್ಲಿ ಕನಿಷ್ಠ ಶೇಕಡಾ 75, ಭತ್ತದಲ್ಲಿ 80, ನೆಲಗಡಲೆಯಲ್ಲಿ 70 ಮೊಳಕೆ ಇರಬೇಕೆಂಬುದು ನಿಯಮ. ಅದಕ್ಕಿಂತ ತೀರ ಕಡಿಮೆ ಬಂದರೆ ಬೀಜ ಬದಲಿಸುವುದು ಲೇಸು. ಆ ತೀರ್ಪನ್ನು ಮಕ್ಕಳ ಬಾಯಿಂದಲೇ ಕೇಳಿ.

ಮಣ್ಣು ಮತ್ತು ಹಸು

ಗೊಬ್ಬರ ಹಾಕುವ ಮೊದಲೇ ಮಣ್ಣಿನ ಮಾದರಿ ತೆಗೆಯಬೇಕು. ಹೊಲದ ಎಂಟು-ಹತ್ತು ಕಡೆ ಆರು ಅಂಗುಲ ಆಳದ ಗುಣಿ ತೋಡಿ, ಮೇಲಿನಿಂದ ಕೆಳಗಿನವರೆಗೆ ಪಕ್ಕದ ಮಣ್ಣನ್ನು ಒಂದೇ ದಪ್ಪದಲ್ಲಿ ಕೆರೆದು ಬೆರೆಸಬೇಕು. ಬದು, ಮರದಡಿ, ತಿಪ್ಪೆಯ ಜಾಗ ಬೇಡ. ನೆರಳಿನಲ್ಲಿ ಒಣಗಿಸಿದ ಅರ್ಧ ಕಿಲೋ ಮಣ್ಣನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಮಕ್ಕಳೇ ಒಯ್ದು ಕೇಳಿ ಬರಲಿ. ಮೊಬೈಲು ಹಿಡಿದ ಕೈಗೆ ಅದರಲ್ಲೇ ಹಸುವಿನ ಲೆಕ್ಕವನ್ನೂ ಒಪ್ಪಿಸಬಹುದು: ಡೇರಿಗೆ ಹಾಕಿದ ಹಾಲೆಷ್ಟು, ಹಿಂಡಿ, ಬೂಸಾ, ಔಷಧಿಗೆ ಹೋದದ್ದೆಷ್ಟು ಎಂದು ತಿಂಗಳ ಕೊನೆಗೆ ಕೂಡಿಸಿ ಕಳೆಯಲಿ.

ಒಪ್ಪಿಸಬಾರದ ಕೆಲಸಗಳು

ಕೀಟನಾಶಕ ಬೆರೆಸುವುದು, ಸಿಂಪಡಿಸುವುದು ಮಕ್ಕಳಿಗೆ ಬೇಡವೇ ಬೇಡ. 18 ತುಂಬದವರ ಕೈಗೆ ಟ್ರ್ಯಾಕ್ಟರ್ ಕೊಡಬೇಡಿ. ಅವರು ರಸ್ತೆಯಲ್ಲಿ ವಾಹನ ನಡೆಸಿ ತಪ್ಪು ಮಾಡಿದರೆ, 2019ರ ಕಾನೂನು ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ 3 ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ ಬೀಳಬಹುದು.

ಎಲ್ಲಕ್ಕಿಂತ ಮಿಗಿಲಾದ ಅಪಾಯ ನೀರಿನದು. ಕೃಷಿಹೊಂಡದ ಪ್ಲಾಸ್ಟಿಕ್ ಹೊದಿಕೆ ನೆನೆದು ಪಾಚಿ ಹಿಡಿದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಸುತ್ತ ಬೇಲಿ ಹಾಕಿ. ಗಂಟು ಹಾಕಿದ ಹಗ್ಗವನ್ನು ದಡದ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿ; ಪಕ್ಕದಲ್ಲಿ ಗಾಳಿ ತುಂಬಿದ ಟ್ಯೂಬ್ ಇರಲಿ. ಯಾರಾದರೂ ಬಿದ್ದರೆ ತಾವೂ ಧುಮುಕದೆ ಹಗ್ಗ, ಗಳ ಅಥವಾ ಟ್ಯೂಬ್ ನೀಡಿ ಕೂಗಿ ಜನ ಕರೆಯುವಂತೆ ಮಕ್ಕಳಿಗೆ ಕಲಿಸಿ.

ಫಲಿತಾಂಶದ ದಿನ

ಎಸ್ಸೆಸ್ಸೆಲ್ಸಿ ಫಲಿತಾಂಶವೂ ರಜೆಯ ನಡುವೆಯೇ ಬರುವುದುಂಟು. ನಪಾಸಾದ ಮಗುವಿಗೆ ‘ಇನ್ನು ದನ ಕಾಯಲು ಹೋಗು’ ಎಂದು ಬೈಯುವವರಿದ್ದಾರೆ. ಇದರಿಂದ ಮಗುವಿಗೂ ನೋವು, ಬೇಸಾಯಕ್ಕೂ ಅವಮಾನ. ನಾವು ಬದುಕುವ ಕಸುಬನ್ನೇ ಶಿಕ್ಷೆ ಎಂದು ಹೇಳಿದರೆ ಮಕ್ಕಳು ಅದನ್ನು ಪ್ರೀತಿಸುವುದು ಹೇಗೆ? ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಆ ದಿನ ಮಗುವನ್ನು ಒಂಟಿಯಾಗಿ ಬಿಡದೆ, ಜೊತೆಗೆ ಕೂರಿಸಿಕೊಂಡು ಊಟ ಮಾಡಿ.

ಬಿತ್ತನೆಗೆ ಮುಂಚೆ ಒಂದು ಸಂಜೆ ಯಾವ ಹೊಲಕ್ಕೆ ಏನು ಹಾಕೋಣವೆಂದು ಮಕ್ಕಳನ್ನೂ ಕೇಳಿ. ಅವರು ಮುಂದೆ ಬೇಸಾಯದಲ್ಲಿ ಉಳಿಯಬಹುದು, ಉಳಿಯದೆಯೂ ಇರಬಹುದು. ಪಟ್ಟಣಕ್ಕೆ ಹೋದರೂ ಅನ್ನದ ಬೆಲೆ ಬಲ್ಲವರಾಗಿ ಹೋಗುತ್ತಾರೆ.